ಬಾ ಜಿದ್ದೊ

ಅನಾಹೈಮ್, 2022 ಫೆಬ್ರವರಿ 9

ಬೆಳಗ್ಗೆ ಐದಕ್ಕೇ ಬೇಕರಿ ಕೆಲಸ. ಝಾತರ್ ಸೊಪ್ಪಿನ ಪುಡಿ ಹಚ್ಚಿದ ರೊಟ್ಟಿ, ರಾಶಿ ರಾಶಿ. ಮೂರಕ್ಕೆ ಶಾಲೆ ಗೇಟು. ಲುಜೈನ್ ಓಡಿಬಂದಳು. "ಬಾ ಜಿದ್ದೊ" ಎಂದೆ. ಐದು ವರ್ಷದ ಮೊಮ್ಮಗಳಿಗೆ ಇವತ್ತು ಹೊಸ ಅನುಮಾನ.

"ಜಿದ್ದೊ ಅಂದ್ರೆ ತಾತ. ತಾತ ನೀನು. ನನ್ನನ್ಯಾಕೆ ಹಾಗೆ ಕರೀತೀಯ?"

"ನಮ್ಮೂರು ಹೋಮ್ಸ್ ಕಡೆ ಹಾಗೇನೇ. ಯಾರು ಮುದ್ದು ಮಾಡ್ತಾರೋ ಅವರ ಹೆಸರೇ ಮಗೂಗೂ."

ಒಪ್ಪಿದಳು. ದಿನದಲ್ಲಿ ನಾನು ಬಾಯ್ತುಂಬ ಮಾತಾಡುವುದು ಅವಳ ಜೊತೆ ಮನೆಗೆ ನಡೆಯುವ ಆ ಹತ್ತು ನಿಮಿಷ. ಉಳಿದದ್ದು ಒಲೆ ಜೊತೆ, ಗೋಡೆ ಜೊತೆ.

ಫೆಬ್ರವರಿ 23

ಕಾರ್ಟೂನ್ ಸಿನಿಮಾಕ್ಕೆ ದನಿ ಕೊಡಲು ಕರೆದರು! ದಮಾಸ್ಕಸ್ ರೇಡಿಯೊದಲ್ಲಿ ಹತ್ತೊಂಬತ್ತು ವರ್ಷ ನಾಟಕವಾಡಿದ ಗಂಟಲು, ಸುಮ್ಮನೇನಾ? ಪಾತ್ರ ಮಾತ್ರ... ಮಕ್ಕಳ ಕೈ ಕತ್ತರಿಸುವ ಸುಲ್ತಾನನ ಕಾವಲುಗಾರ. ಕೊಕ್ಕೆ ಮೂಗು, ಹುಳುಕು ಹಲ್ಲು. ಥೂ. ಆದರೂ ಲುಜೈನ್ ನನ್ನ ದನಿ ಸಿನಿಮಾದಲ್ಲಿ ಕೇಳಲಿ ಅಂತ ಆಸೆ. ಹೂಂ ಎಂದೆ.

ಮಾರ್ಚ್ 4

ರೆಕಾರ್ಡಿಂಗ್. ಡೈರೆಕ್ಟರ್ ಹುಡುಗ: "ಸರ್, ನಿಮ್ಮ ಅರಬ್ ಧಾಟಿ ಸಾಲದು. ಇನ್ನೂ ಗೊರಗೊರ ಅನ್ಬೇಕು." ಅಯ್ಯೋ ಪುಣ್ಯಾತ್ಮ, ನನ್ನದೇ ಸಾಲದೆ?

ಬಚ್ಚಿಟ್ಟುಕೊಂಡ ಹುಡುಗಿಯನ್ನು ಕಾವಲುಗಾರ ಎಳೆದು ತೆಗೆಯುವ ದೃಶ್ಯ. ಪರದೆಯ ಮೇಲೆ ಪುಟ್ಟ ಮುಖ ಕಂಡದ್ದೇ ತಡ, ಅಭ್ಯಾಸಬಲ, ಬಾಯಿಂದ ಬಂದೇಬಿಟ್ಟಿತು: "ಬಾ ಜಿದ್ದೊ."

"ಸೂಪರ್! ಎಂಥ ಬೈಗುಳ ಅದು! ಇನ್ನೊಮ್ಮೆ, ಹಲ್ಲು ಕಡಿದು!"

ಬೈಗುಳವಲ್ಲ ಎನ್ನಬೇಕಿತ್ತು. ಎನ್ನಲಿಲ್ಲ. ಹನ್ನೊಂದು ಸಲ ಹಲ್ಲು ಕಡಿದು ಹೇಳಿದೆ. ಚಪ್ಪಾಳೆ ಹೊಡೆದರು. ಚಪ್ಪಾಳೆ ಕೇಳಿ ಎಷ್ಟು ವರ್ಷವಾಗಿತ್ತು...

2023 ನವೆಂಬರ್ 18

ಸಿನಿಮಾ ಬಂತು. ಮಗಳು ಮೈಸೂನ್, ಲುಜೈನ್, ನಾನು. ನನ್ನ ದನಿಗೆ ಥಿಯೇಟರಿನ ಮಕ್ಕಳೆಲ್ಲ ಕಿರುಚಿದರು. ಲುಜೈನ್ ಕುರ್ಚಿಯಲ್ಲಿ ಮುದುಡಿ ಕೈ ಹಿಡಿದುಕೊಂಡಳು — ತಾಯಿಯದು. ನನ್ನದಲ್ಲ.

ಕಾರಿನಲ್ಲಿ ಮೈಸೂನ್: "ಬಾಬಾ, ನಮ್ಮನೆ ಮಾತನ್ನ ಯಾಕೆ ಕೊಟ್ಟೆ ಅವರಿಗೆ?"



ನವೆಂಬರ್ 27

ಗೇಟಿನಲ್ಲಿ ಮೂವರು ಹುಡುಗರು ಲುಜೈನಳ ಹಿಂದೆ ಹಿಂದೆ. ಗೊರಗೊರ ದನಿ, ಥೇಟ್ ನನ್ನದೇ: "ಬಾ ಜಿದ್ದೊ! ಕೈ ಕತ್ತರಿಸ್ತೀನಿ!"

ಗದರಲು ಬಾಯಿ ತೆರೆದೆ. ಓಡಿಬಂದು ಅಂಗೈಯಿಂದ ನನ್ನ ಬಾಯಿ ಮುಚ್ಚಿದಳು. "ಮಾತಾಡ್ಬೇಡ ಗ್ರ್ಯಾಂಡ್‌ಪಾ. ಅದು ನೀನೇ ಅಂತ ಗೊತ್ತಾಗ್ಬಿಡುತ್ತೆ."

ಗ್ರ್ಯಾಂಡ್‌ಪಾ. ಜಿದ್ದೊ ಅಲ್ಲ. 

ಡಿಸೆಂಬರ್ 1, ಸಂಜೆ 4

ಇವತ್ತು ಗೇಟಿನಲ್ಲಿ ತಲೆ ತಗ್ಗಿಸಿ ನನ್ನ ಮುಂದೆಯೇ ದಾಟಿ ಹೋದಳು. ನೋಡಲಿಲ್ಲವೋ, ನೋಡಿಯೂ... ರಸ್ತೆಯತ್ತ ನಡೆದೇಬಿಟ್ಟಳು. ಕರೆಯಬೇಕಿತ್ತು. ಏನಂತ? ಲುಜೈನ್ ಎಂದು ಒಂದು ದಿನವೂ ಕರೆದವನಲ್ಲ. ಹತ್ತೊಂಬತ್ತು ವರ್ಷ ಊರಿಗೆಲ್ಲ ಕೇಳಿದ ಗಂಟಲು. ಅದರಲ್ಲಿ ಅವಳಿಗೆಂದು ಇದ್ದದ್ದು ಒಂದೇ ಮಾತು, ಅದನ್ನೂ ನಾನೇ—