ಧಿಕ್ಕಾರಕ್ಕೆ ತೆರೆದ ಕಕ್ಕಸು

ಅಕ್ಕಾ,

ಭಾಷೆ ಬಾರದ ಈ ಊರಿಗೆ ಪ್ರವಾಸ ಬಂದ ನಮ್ಮ ಪೌರಕಾರ್ಮಿಕರ ಸಂಘದ ಹನ್ನೆರಡೂ ಹೆಂಗಸರು ಕ್ಷೇಮ. ನೀನು ಕೊಟ್ಟ ಎಣ್ಣೆಗೆ ನನ್ನ ಮಂಡಿನೋವು ಇಳಿದಿದೆ.

ಇವತ್ತು ಊರಾಚೆಯ ದೊಡ್ಡ ದೇವಸ್ಥಾನಕ್ಕೆ ಹೋಗಿದ್ದೆವು. ಅಲ್ಲಿ ದೇವರಿಗಿಂತ ಇದ್ದೊಂದು ಕಕ್ಕಸೇ ಥಳಥಳ ಹೊಳೆಯುತ್ತಿತ್ತು. ಆದರೆ ಅದನ್ನು ತೊಳೆಯುವ ಹೆಂಗಸರು ಬಳಸುವಂತಿಲ್ಲ, ಪೊದೆ ಹುಡುಕಿಕೊಳ್ಳಬೇಕು ಎಂದು ನಮ್ಮ ಮಾತು ಬಲ್ಲ ಗೈಡ್ ಹೇಳಿದ.

"ಇವ್ರ ಮಡಿಗೆ ಬೆಂಕಿ ಬೀಳ!" ಎಂದಳು ನಮ್ಮ ಖಜಾಂಚಿ.

ಅಷ್ಟರಲ್ಲಿ ಅವನು ನಮ್ಮನ್ನು ಒಟ್ಟುಗೂಡಿಸಲು ತನ್ನ ಕೆಂಪು ಬಾವುಟ ಎತ್ತಿದ. ಬಾವುಟ ಮೇಲೇರಿದರೆ ನಮ್ಮ ಬಾಯಿ ಸುಮ್ಮನಿರುತ್ತದೆಯೇ? ಹನ್ನೆರಡು ಗಂಟಲೂ "ಧಿಕ್ಕಾರ!" ಎಂದವು. ಗಾಬರಿಬಿದ್ದ ದೇವಸ್ಥಾನದ ಮ್ಯಾನೇಜರ್ ಓಡಿಬಂದು, ಏನು ಬೇಕಂತೆ ಎಂದು ಗೈಡನನ್ನು ಕೇಳಿದ.

"ಹೇಳಪ್ಪಾ, ತೊಳೆಯೋರಿಗೂ ಬಾಗಿಲು ತೆಗೀಲಿ ಅಂತ," ಎಂದೆ.

ತೆಗೆದ! ತೊಳೆಯುವವರಲ್ಲಿ ಮೊದಲು ಒಳಹೊಕ್ಕ ಮುದುಕಿ ಚಿಲಕ ಹಾಕಿಕೊಂಡು ಹಾಡತೊಡಗಿದಳು. ನಮ್ಮ ಬಸ್ಸು ಹೊರಟಾಗಲೂ ಮ್ಯಾನೇಜರ್ ಹೊಟ್ಟೆ ಹಿಡಿದುಕೊಂಡು ಆ ಹೆಂಗಸರ ಹಿಂದೆ ಸರದಿಯಲ್ಲೇ ನಿಂತಿದ್ದ.

ನಿನ್ನ ತಂಗಿ