ಬಂಜಿಗೆ ಬಂದ ಹಾಲು

ಮೂಡಲಗಿ
೧೨-೮-೨೦೨೫

ಕಣಗಲಾದ ಗೆಳತಿ ಮಾಲಾಗ ನಿನ್ನ ಪಾರವ್ವನ ಶರಣು.

ನಿನ್ನ ಕಾಗದ ಬಂದು ಭಾಳ ದಿನ ಆತು, ಉತ್ತರ ಬರೀಲಿಲ್ಲಂತ ಸಿಟ್ಟಾಗಬ್ಯಾಡ. ಫೋನ್ ಮಾಡಬೇಕಂದ್ರ ನಮ್ಮ ಮನಿಯವರು ಬಾಜೂಕ ಕುಂತಿರತಾರ, ಹೇಳೋದೆಲ್ಲಾ ಇವರ ಮ್ಯಾಲಿಂದೇ ಐತಿ. ನಿನ್ನ ಮಗಳ ಕಾಲುನೋವು ಕಡಿಮಿ ಆತೇನು? ನಮ್ಮ ಕುರಿ ಈ ಸಲ ಚಲೋ ಮರಿ ಹಾಕ್ಯಾವ.

ಶ್ರಾವಣಕ್ಕ ಬೀರಪ್ಪನ ಗುಡಿಯೊಳಗ ಪುರಾಣ ಹಚ್ಯಾರ. ನಿನಗ ಗೊತ್ತೈತಲ್ಲ, ಪ್ರತಿ ವರ್ಷ ಇವರು ರಾಗ ಮಾಡಿ ಓದೋದು, ನಾ ಬಾಜೂಕ ಕುಂತು ಅರ್ಥ ಹೇಳೋದು. ಮನ್ಯಾಗ ನಾವಿಬ್ಬರು ಉಪ್ಪು-ಖಾರಕ್ಕಷ್ಟ ಮಾತಾಡತೇವಿ. ಅಲ್ಲಿ ಮಾತ್ರ ಅವರು ಒಂದು ಸಾಲು ಓದಿ ನನ್ನ ಮಾರಿ ನೋಡತಿದ್ರು. ಆ ನೋಟಕ್ಕ ನಾ ವರ್ಷಪೂರ್ತಿ ಕಾಯತಿದ್ದೆ.

ಈ ವರ್ಷ ಗುಡಿ ಹಿರೇರು ಶೆಟ್ಟೆಪ್ಪ ಕಾಕಾ ನನ್ನ ಜಾಗಾದಾಗ ತಮ್ಮ ಸೊಸಿ ಸುಮನ್‌ನ್ನ ಕುಂದ್ರಿಸ್ಯಾರ. ಘಟಪ್ರಭಾದಾಕಿ, ಎಂ.ಎ. ಓದ್ಯಾಳ, ತೊಡಿ ಮ್ಯಾಲೆ ಎಳೇ ಕೂಸು. ಚೆಂದ ಅದಾಳ, ಸುಳ್ಳ ಯಾಕ ಹೇಳಲಿ. ಈಗ ಇವರು ಒಂದು ಸಾಲು ಓದಿ ಆಕಿ ಮಾರಿ ನೋಡತಾರ.

ನಿನ್ನೆ ಸೋಮವಾರ ಬಂಜಿ ಅಧ್ಯಾಯ ಬಂತು. ಅಡವ್ಯಾಗ ಬಿದ್ದ ದೇವರ ಕೂಸನ್ನ ಒಬ್ಬಾಕಿ ಬಂಜಿ ಎತ್ತಿಕೊಂತಾಳ, ಆಕಿ ಎದಿಯೊಳಗ ಹಾಲು ಉಕ್ಕತೈತಿ. ಇದು ದೇವರು ನುಡಿಸಿದ ಮಾತು, ಒಂದಕ್ಷರ ಸುಳ್ಳಲ್ಲ, ಖರೇನ ಹಾಲು ಬಂತು ಅಂತ ಇಷ್ಟು ವರ್ಷ ನಾ ಅರ್ಥ ಹೇಳತಿದ್ದೆ. ತೊಟ್ಟಲಾ ಕಟ್ಟದ ಮನಿ ನಂದು, ಆ ಅಧ್ಯಾಯ ಹಿಡಕೊಂಡ ಬದುಕೇನಿ. ಸುಮನ್ ಏನಂದಳು ಕೇಳು, ಅದೂ ಸೆರಗಿನೊಳಗ ಕೂಸಿಗೆ ಕುಡಿಸಿಗೋತ:

"ಪುರಾಣ ಬರೆದವರು ನಮ್ಮಂಥಾ ಮನಿಷ್ಯಾರರಿ. ಇಲ್ಲಿ ಹಾಲು ಅಂದ್ರ ಮಮತಾ. ಖರೇ ಹಾಲು ಅಂತ ತಿಳಕೋಬ್ಯಾಡ್ರಿ."

ತನ್ನ ಎದಿ ತುಂಬಿ ಹರಿಯಾಕತ್ತೈತಿ, ಹಂಗ ಅನ್ನಾಕ ಆಕಿಗೇನು ಹೋಗತೈತಿ? ನಾ ಎದ್ದು ಜಗಳ ತಗದೆ. ದೇವರ ಮಾತಿನ್ಯಾಗ ಇದನ್ನ ನಂಬು, ಅದನ್ನ ಬಿಡು ಅಂತ ಆರಿಸಾಕ ನೀ ಯಾರವ್ವಾ ಅಂತ ಕೇಳಿದೆ. ಆಕಿ ಮೆಲ್ಲಕ, "ಹಂಗಾದ್ರ ಹಾಲು ಬರದಾಕಿ ಮ್ಯಾಲೆ ದೇವರಿಗೆ ಸಿಟ್ಟೈತೇನ್ರಿ ಅಕ್ಕಾರ?" ಅಂದಳು. ಎಲ್ಲಾರೂ ನನ್ನ ಕಡೆ ನೋಡಿದ್ರು. ಇವರು ಗೋಣು ಹಾಕಿದ್ರು, ಆಕಿ ಮಾತಿಗೆ.

ಆ ಅಧ್ಯಾಯ ಮುಗಿದ ಮ್ಯಾಲೆ ಅರ್ಥ ಹೇಳಿದಾಕಿಗೆ ಉಡಿ ತುಂಬತಾರ, ಪುರಾಣದ ಮುಂದ ಇಟ್ಟ ತೆಂಗಿನಕಾಯಿ ಹಾಕಿ, ಮಕ್ಕಳ ಫಲ ಆಗಲಿ ಅಂತ. ಇಷ್ಟು ವರ್ಷ ಅದು ನನ್ನ ಉಡಿಗೆ ಬೀಳತಿತ್ತು. ನಿನ್ನೆ ಕೂಸಿದ್ದಾಕಿ ಉಡಿಗೆ ಬಿತ್ತು. ಮನಿಗೆ ಬಂದು ನಾ ಇವರಿಗೆ ಊಟಕ್ಕ ಬಡಿಸಲಿಲ್ಲ, ಅವರೂ ಕೇಳಲಿಲ್ಲ.

ನಿನ್ನನ್ನೂ ನಿನ್ನ ಮಕ್ಕಳನ್ನೂ ಬೀರಪ್ಪ ತಣ್ಣಗ ಇಟ್ಟಿರಲಿ.

ನಿನ್ನ
ಪಾರವ್ವ

ತಾ.ಕ.: ಒಂದು ಮಾತು ಬರೀಬಾರದು ಅಂತಿದ್ದೆ. ಉಡಿ ತುಂಬಿಸಿಕೊಳ್ಳಾಕ ಎರಡೂ ಕೈ ಬೇಕಲ್ಲ, ಸುಮನ್ ಕೂಸನ್ನ ನನ್ನ ಕೈಯಾಗ ಕೊಟ್ಟಿದ್ದಳು. ಅಳಾಕತ್ತಿತ್ತು. ನಾ ಕಂಬದ ಮರಿಗೆ ಹೋಗಿ ಸೆರಗು ಮುಚ್ಚಿ ಎದಿಗೆ ಹಚ್ಚಿಕೊಂಡೆ. ಪುರಾಣದಾಗ ಇದ್ದಂಗ ಆಗತೈತಿ ಅಂತ ಕಾದೆ. ಏನೂ ಬರಲಿಲ್ಲ. ಆದ್ರೂ ಕೂಸು ಅಳು ನಿಲ್ಲಿಸಿ, ನನ್ನ ಬೆರಳು ಹಿಡಕೊಂಡು ಮಲಗಿಬಿಡ್ತು. ಆಮ್ಯಾಲೆ ಆಕಿ ಬಂದು ಕೈ ಚಾಚಿದಳು, ಕೊಟ್ಟೆ. ಅರ್ಥಾನೂ ಆಕಿದೇ ಖರೆ ಆತು, ಕೂಸೂ ಆಕಿದೇ.