ಒಂಬತ್ತು ವಾರದ ನೆಗಡಿ

ಎರಡು ಸಾವಿರದ ಮುನ್ನೂರ ಹನ್ನೊಂದನೆಯ ಇಸವಿ,
ಐವತ್ತೊಂಬತ್ತನೆಯ ವಾರ, ಸೋಮವಾರ,
ಹೆಬ್ಬಾಗಿಲಿನ ಹೊರಗೆ.

ಸೋಮವಾರದ ವರದಿ ಮಾಡುವ ಮಗಳೇ,

ವರ್ಷಕ್ಕೆ ಐವತ್ತೆರಡೇ ವಾರ, ಈ ಮುದುಕಿಗೆ ಎಣಿಸಲು ಬರುವುದಿಲ್ಲ ಎಂದು ನಗಬೇಡ. ನಮ್ಮಲ್ಲಿ ವಾರಕ್ಕೆ ಆರೇ ದಿನ. ವರದಿಯಲ್ಲಿ ಭಾನುವಾರದ ಖಾನೆಗಳು ಯಾವಾಗ ನೋಡಿದರೂ ಖಾಲಿ ಇರುತ್ತವೆ, ನೋಡಲು ಚೆನ್ನಾಗಿರುವುದಿಲ್ಲ ಎಂದು ನನ್ನ ಅಜ್ಜಿಯ ಕಾಲದಲ್ಲೇ ಭಾನುವಾರವನ್ನು ತೆಗೆದುಹಾಕಿದರು. ಯಾರೂ ಅಳಲಿಲ್ಲವಂತೆ. ನನ್ನ ಮಾತುಗಳಲ್ಲಿ ಅರ್ಧದಷ್ಟು ನೀನು ಸತ್ತ ಮೇಲೆ ಹುಟ್ಟಿದವು, ನಾನು ಓದಿದ್ದು ಹಳ್ಳಿಯ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ. ತಿಳಿಯದ ಕಡೆ ಸಿಟ್ಟಾಗದೆ ಇನ್ನೊಮ್ಮೆ ಓದು. ಲೆಕ್ಕದಲ್ಲಿ ನೀನು ನನ್ನ ಮುತ್ತಜ್ಜಿಯ ಮುತ್ತಜ್ಜಿ, ನಾನೇ ನಿನ್ನ ಕಾಲು ಮುಟ್ಟಬೇಕು. ಆದರೆ ಈ ಕಾಗದ ನಿನ್ನ ಕಣ್ಣಿಗೆ ಬೀಳುವಾಗ ನಿನಗೆ ಮೂವತ್ತೂ ಇರಲಿಕ್ಕಿಲ್ಲ, ನನಗೆ ಎಪ್ಪತ್ತಮೂರು. ಆದ್ದರಿಂದ ಮಗಳೇ ಎನ್ನುತ್ತೇನೆ.

ನನ್ನ ಹೆಸರು ಫಕೀರವ್ವ. ನಾನು ಒಂದು ಸಲಹೆಮನೆಯಲ್ಲಿ ಕೆಲಸಕ್ಕಿದ್ದೇನೆ. ಸಲಹೆಮನೆ ಎಂದರೆ ನೀವು ಕನ್ಸಲ್ಟಿಂಗ್ ಕಂಪನಿ ಎನ್ನುವುದು. ಬೇರೆಯವರ ಕಾರ್ಖಾನೆಗೆ ಹೋಗಿ, ಕೆಲಸ ಹೀಗಲ್ಲ ಹಾಗೆ ಮಾಡಿ ಎಂದು ಹೇಳಿ ಬರುವವರ ಮನೆ. ಹೇಳಲು ಹೋಗುವವರು ಒಂದು ಜಾತಿ. ಅವರು ಎಲ್ಲಿದ್ದಾರೆ, ಹೇಗಿದ್ದಾರೆ, ಯಾವಾಗ ಮರಳುತ್ತಾರೆ ಎಂದು ನೋಡಿಕೊಳ್ಳುವ ನಾವು ಇನ್ನೊಂದು ಜಾತಿ. ನಮ್ಮನ್ನು ಒಳಗೆಲಸದವರು ಎನ್ನುತ್ತಾರೆ, ನಿಮ್ಮಲ್ಲಿ ಆಪರೇಷನ್ಸ್‌ನವರು. ನೀನು ಪ್ರತಿ ಸೋಮವಾರ ಮಾಡುವ ವರದಿಯೇ ಬೆಳೆದು ಬೆಳೆದು ನಮ್ಮಲ್ಲಿ ವಾರದೋಲೆಯಾಗಿದೆ. ಒಬ್ಬರಿಗೆ ಒಂದು ಸಾಲು, ಸಾಲಿನ ಕೊನೆಗೆ ಬಣ್ಣ: ಹಸಿರು, ಹಳದಿ, ಕೆಂಪು. ಕೆಂಪನ್ನು ನಾನು ಕಂಡದ್ದಿಲ್ಲ.

ವಾರದೋಲೆ ಈಗ ಆಫೀಸಿನಲ್ಲಷ್ಟೇ ಇಲ್ಲ. ಪ್ರತಿ ಮನೆಯ ಬಾಗಿಲಿಗೂ ಒಂದು ಚಿಕ್ಕ ಹಲಗೆ ಇದೆ, ಆ ಮನೆಯವರ ಸಾಲುಗಳು ಅದರಲ್ಲಿ ಬೆಳಗುತ್ತವೆ. ಸೊಸೆ ಹೊರಗಿನಿಂದ ಬಂದರೆ ಅತ್ತೆಯ ಮುಖ ನೋಡುವುದಿಲ್ಲ, ಹಲಗೆ ನೋಡುತ್ತಾಳೆ. ಊಟವಾಗಿದೆ ಎಂದಿದ್ದರೆ ಪಾತ್ರೆ ತೊಳೆದಿಡುತ್ತಾಳೆ. ಮಾತಾಡಿ ತಿಳಿದುಕೊಳ್ಳುವುದನ್ನು ನಮ್ಮ ಮಕ್ಕಳು ಹಳೆಯ ಕಾಲದ ಒರಟುತನ ಎನ್ನುತ್ತಾರೆ. ಊರಿನ ಹೆಬ್ಬಾಗಿಲೂ ವಾರದೋಲೆಯ ಮಾತನ್ನೇ ಕೇಳುತ್ತದೆ. ಹೊರಗೆ ಹೋಗುವವರನ್ನು ಅದು ತಡೆಯುವುದಿಲ್ಲ. ಒಳಗೆ ಬರುವವರು ಓಲೆಯ ಪ್ರಕಾರ ಈ ಹೊತ್ತು ಹೊರಗಿನಿಂದ ಬರಬೇಕಾದವರೇ ಆಗಿದ್ದರೆ ತೆರೆಯುತ್ತದೆ.

ಇನ್ನು ತುಂಬುಗೈ. ಅದಕ್ಕೆ ಕೈಯೂ ಇಲ್ಲ, ಬೆರಳೂ ಇಲ್ಲ, ಅದೊಂದು ಏರ್ಪಾಟು. ವಾರದೋಲೆಯಲ್ಲಿ ಯಾವ ಖಾನೆಯೂ ಖಾಲಿ ಇರಕೂಡದು ಎಂಬುದು ಮೊದಲ ನಿಯಮ. ಯಾರಾದರೂ ತಮ್ಮ ಸಾಲಿನಲ್ಲಿ ಏನೂ ಬರೆಯದಿದ್ದರೆ ತುಂಬುಗೈ ಹಿಂದಿನ ವಾರಕ್ಕೆ ಹೋಗುತ್ತದೆ, ಅಲ್ಲಿ ಇರುವುದನ್ನು ತಂದು ಇಲ್ಲಿ ಇಡುತ್ತದೆ. ಬರೆದವರಿಗೇ ತಾವು ಬರೆದದ್ದೋ ಅದು ತಂದದ್ದೋ ಗೊತ್ತಾಗದಷ್ಟು ಅಚ್ಚುಕಟ್ಟು.

ನನ್ನ ಕೆಲಸ ಓಲೆಯನ್ನು ಓದುವುದು. ಹೊರಗೆ ಹೋಗುವ ಮುನ್ನ ಒಬ್ಬ ಮನುಷ್ಯನಾದರೂ ಓದಬೇಕೆಂದು ಹಳೆಯ ಕಾಯಿದೆ ಇದೆ. ಹೆಚ್ಚು ಓದಿದವರು ಪ್ರಶ್ನೆ ಕೇಳುತ್ತಾರೆಂದು ನಾಲ್ಕನೆಯ ಇಯತ್ತೆಯವಳನ್ನು ಹುಡುಕಿ ಕೂಡಿಸಿದರು. ಓಲೆಯ ತಳದಲ್ಲಿ ಓದುವವಳ ಸಾಲು. ನಾನು ಓದಿ ಮುಗಿಸುವ ಮೊದಲೇ ಅಲ್ಲಿ ‘ನೋಡಿದೆ, ಸರಿಯಿದೆ’ ಎಂದು ಬಂದು ಕೂತಿರುತ್ತದೆ. ಹನ್ನೆರಡು ವರ್ಷ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ತಪ್ಪು ನನ್ನದೂ ಹೌದು.

ಸುಗಲಾ ನನ್ನ ಮೊಮ್ಮಗಳು. ಅವಳ ತಾಯಿ ಇಲ್ಲ, ನಾನೇ ಬೆಳೆಸಿದೆ. ಅದೇ ಸಲಹೆಮನೆಯಲ್ಲಿ ಸಲಹೆ ಹೇಳುವವರ ಜಾತಿಗೆ ಸೇರಿದಳು. ಐವತ್ತನೆಯ ವಾರದಲ್ಲಿ ನಲವತ್ತು ಜನರ ಜೊತೆ ಕರಿಗುಡ್ಡದ ಕಾರ್ಖಾನೆಗೆ ಹೋದಳು. ಹೋದ ದಿನ ತನ್ನ ಸಾಲಿನಲ್ಲಿ ತಾನೇ ಬರೆದಳು: ‘ಸ್ವಲ್ಪ ನೆಗಡಿ. ಕೆಲಸ ನಡೆದಿದೆ. ಮುಂದಿನ ವಾರ ಮರಳುವೆ.’ ನಾನು ಬೆರಳಿಟ್ಟು ಅಕ್ಷರ ಅಕ್ಷರ ಓದುವವಳು, ಆದ್ದರಿಂದ ನೆನಪಿನಲ್ಲಿ ಉಳಿಯಿತು. ಮುಂದಿನ ವಾರ ಅದೇ ಇತ್ತು. ಅದರ ಮುಂದಿನ ವಾರವೂ. ನಲವತ್ತೊಂದು ಸಾಲುಗಳೂ ಕಲ್ಲಿನಲ್ಲಿ ಕೊರೆದ ಹಾಗೆ ಹಸಿರಾಗಿ ನಿಂತಿದ್ದವು. ಒಂಬತ್ತನೆಯ ವಾರ ನಾನು ಎದ್ದು ನಮ್ಮ ಮೇಲಿನವನಾದ ಅಡಿವೆಪ್ಪನ ಹತ್ತಿರ ಹೋದೆ.

“ಹಸಿರು ಐತಲ್ರೀ ಆಯಿ. ಮತ್ತ್ಯಾಕ ಚಿಂತಿ ಮಾಡ್ತೀರಿ?” ಎಂದ.

“ಒಂಬತ್ತು ವಾರ ನೆಗಡಿ ಹತ್ತಿದ್ರ ಇಷ್ಟೊತ್ತಿಗೆ ಮೂಗು ಉಳೀತಿತ್ತೇನೋ ಅಡಿವೆಪ್ಪ?”

“ಕೆಟ್ಟಿದ್ರ ಕೆಂಪು ಬರ್ತಿತ್ರೀ.”

“ಯಾರು ಹೇಳಿದ ಮ್ಯಾಲ ಬರ್ತಿತ್ತು? ನೀ ಕೇಳೀಯೇನು ಆಕೀನ್ನ?”

“ಕೇಳೂದು ಯಾಕ್ರೀ? ಓಲ್ಯಾಗ ಐತಲ್ಲ.”

“ನಿಮ್ಮವ್ವ ನಿನ್ನ ಹಡೆದಾಗೂ ಓಲಿ ನೋಡೇ ಅತ್ತಿಯೇನು?” ಎಂದೆ. ಅವನು ನಕ್ಕ. ಕೆಟ್ಟವನಲ್ಲ. ಅವನ ತಾಯಿಯ ಸಾಲೂ ಹಸಿರಾಗಿದೆ, ಅವನು ಆಕೆಯನ್ನು ನೋಡಿ ನಾಲ್ಕು ವರ್ಷವಾಗಿದೆ.

ನನ್ನ ಓದುವ ಹಲಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಕರಿಗುಡ್ಡಕ್ಕೆ ದಿನಾ ಊಟ ಒಯ್ಯುವ ಗಾಡಿ ಹತ್ತಿದೆ. ಅದನ್ನು ನಡೆಸುವವರಿಲ್ಲ, ತಾನೇ ಹೋಗಿ ತಾನೇ ಬರುತ್ತದೆ, ಪಾತ್ರೆಗಳ ನಡುವೆ ಒಬ್ಬರು ಮುದುಡಿ ಕೂರುವಷ್ಟೇ ಜಾಗ. ಕಾರ್ಖಾನೆಯ ಚಿಮಣಿಯಲ್ಲಿ ಹಕ್ಕಿ ಗೂಡು ಕಟ್ಟಿತ್ತು. ಪಕ್ಕದ ಉದ್ದನೆಯ ಕೋಣೆಯಲ್ಲಿ ನಲವತ್ತೊಂದು ಕುರ್ಚಿ, ನಲವತ್ತೊಂದು ತಟ್ಟೆ. ಗಾಡಿ ಎಲ್ಲ ತಟ್ಟೆಗೂ ಬಿಸಿ ಅನ್ನ ಬಡಿಸಿತು, ಸಾರು ಹಾಕಿತು, ಒಂದು ಗಳಿಗೆ ನಿಂತಿತು, ಮುಟ್ಟದ ತಟ್ಟೆಗಳನ್ನು ಹಾಗೆಯೇ ಎತ್ತಿಕೊಂಡಿತು. ಯಾರೂ ಇರಲಿಲ್ಲ. ನೆಲದಲ್ಲಿ ಒಂದು ಕೂಳಿನ ಅಗುಳೂ ಇರಲಿಲ್ಲ. ಗೋಡೆಯ ಮೇಲೆ ಇದ್ದಿಲಿನಲ್ಲಿ ಸುಗಲಾಳ ಅಕ್ಷರ: ಕಾರ್ಖಾನೆ ಮೊದಲ ವಾರವೇ ಮುಚ್ಚಿತು, ಓಲೆಗೆ ಬರೆಯುವ ತಂತಿಯನ್ನೂ ಕಿತ್ತರು, ಕರೆದೊಯ್ಯುವ ಗಾಡಿ ಬರಲಿಲ್ಲ, ಜ್ವರದವರಿಗೆ ವೈದ್ಯರು ಬರಲಿಲ್ಲ, ಐದು ವಾರ ಕಾದು ಊರಿಗೆ ನಡೆದು ಹೊರಟಿದ್ದೇವೆ. ಕರೆದೊಯ್ಯುವ ಗಾಡಿ ಹೇಗೆ ಬಂದೀತು? ಅದು ‘ಈ ವಾರ ಮರಳುವೆ’ ಎಂಬ ಮಾತಿಗೆ ಕಾಯುತ್ತಿತ್ತು. ಓಲೆಯಲ್ಲಿ ಪ್ರತಿ ವಾರ ‘ಮುಂದಿನ ವಾರ’ ಎಂದೇ ಇತ್ತು.

ಅದೇ ಗಾಡಿಯಲ್ಲಿ ಮರಳಿದೆ. ಹೆಬ್ಬಾಗಿಲು ತೆರೆಯಲಿಲ್ಲ. ಮೃದುವಾದ ಹೆಣ್ಣು ದನಿಯೊಂದು, “ಫಕೀರವ್ವನವರು ಒಳಗಿದ್ದಾರೆ, ಓಲೆ ಓದುತ್ತಿದ್ದಾರೆ” ಎಂದಿತು. ನಾನು ಇಳಿಯುವವರೆಗೂ ಅದನ್ನೇ ಹೇಳಿತು. ಇಳಿದೆ, ಗಾಡಿ ಒಳಗೆ ಹೋಯಿತು.

ಆಮೇಲೆ ಕಂಡದ್ದನ್ನು ಬರೆಯಲು ನನ್ನ ನಾಲ್ಕು ಇಯತ್ತೆ ಸಾಲದು. ಗೋಡೆಯ ಬುಡಕ್ಕೆ, ಒಳಗಿನಿಂದ ಕಾಣದ ಹಾಗೆ, ಜನ. ಕಣ್ಣು ಹೋಗುವಷ್ಟು ದೂರ ಚಾಪೆ, ಒಲೆ, ಹರಕು ಸೀರೆಯ ನೆರಳು. ಗದ್ದಲವಿಲ್ಲ. ಓಲೆಯ ಪ್ರಕಾರ ಬೇರೆ ಕಡೆ ಇರುವವರೆಲ್ಲ ಇಲ್ಲಿ ಇದ್ದರು. ಬಿಳಿ ಗಡ್ಡದ ಒಬ್ಬಾತ ಜಾಗ ಸರಿಸಿಕೊಟ್ಟು ಕೇಳಿದ:

“ಹೊಸಬರೇನ್ರೀ ಆಯಿ? ನಿಮ್ಮದೇನಂತ ಐತಿ ಓಲ್ಯಾಗ?”

“ಒಳಗ ಅದೀನಂತ.”

“ಚಲೋ ಆತು, ನೆಳ್ಳಾಗ ಅದೀರಿ. ನಾ ಹನ್ನೊಂದು ವರ್ಷದಿಂದ ರಜಾದ ಮ್ಯಾಲ ಅದೀನಿ. ನಾಳೆ ಹಾಜರಾಗ್ತೀನಂತ.”

ಸುಗಲಾ ಅವನ ಪಕ್ಕದ ಮೂರನೆಯ ಚಾಪೆಯ ಮೇಲಿದ್ದಳು. ನೆಗಡಿ ಎದೆಗೆ ಇಳಿದು ತಿಂಗಳಾಗಿದೆ. ಮೈ ಹಂಚಿನ ಹಾಗೆ ಕಾದಿದೆ, ಉಸಿರಿನಲ್ಲಿ ಜರಡಿ ಆಡಿಸಿದ ಸದ್ದು. ಬೇಕಾದ ಔಷಧ ಹೆಬ್ಬಾಗಿಲಿನಿಂದ ಮೂವತ್ತು ಹೆಜ್ಜೆ ಒಳಗೆ, ದವಾಖಾನೆಯಲ್ಲಿದೆ. ಈ ಬೆಳಿಗ್ಗೆ ಅಡಿವೆಪ್ಪ ಬಾಗಿಲ ಹತ್ತಿರ ಬಂದ. ಕಂಬಿಯ ನಡುವೆ ಕೈ ಹಾಕಿ ಅವನ ತೋಳು ಹಿಡಿದೆ. ಅವನು ನನ್ನ ಮುಖ ನೋಡಿದ, ತನ್ನ ಹಲಗೆ ನೋಡಿದ, ಇನ್ನೊಮ್ಮೆ ಮುಖ ನೋಡಿದ. ಜ್ವರದಲ್ಲಿ ಬಡಬಡಿಸುವವರಿಗೆ ಸಮಾಧಾನ ಹೇಳುವಂತೆ ಹೇಳಿದ: “ಆಯಿ, ನೀವು ಒಳಗ ಅದೀರಿ. ಸುಗಲಾನೂ ಆರಾಮ ಅದಾಳ, ಬರೇ ನೆಗಡಿ.” ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಹೋದ.

ಆದ್ದರಿಂದ ನಿನಗೆ ಬರೆಯುತ್ತಿದ್ದೇನೆ. ನನ್ನ ಹಲಗೆಯಲ್ಲಿ ಮುಟ್ಟಲು ಬಿಟ್ಟಿರುವುದು ತಳದ ಓದುವವಳ ಸಾಲೊಂದೇ. ಅಲ್ಲಿ ‘ಸರಿಯಿಲ್ಲ’ ಎಂದು ಬರೆದರೂ ಓದುವವರಿಲ್ಲ, ಓದುವವಳು ನಾನೇ. ಅದನ್ನು ಅಳಿಸಿ, ಈ ಕಾಗದವನ್ನು ಅಲ್ಲಿ ಕಟ್ಟಿದ್ದೇನೆ. ತುಂಬುಗೈ ಈಗ ಈ ಕಾಗದವನ್ನೂ ಎಳೆದುಕೊಂಡು ಆ ಸಾಲಿಗಾಗಿ ಹಿಂದೆ ಹೋಗುತ್ತದೆ, ವಾರದಿಂದ ವಾರಕ್ಕೆ, ನನ್ನ ಹನ್ನೆರಡು ವರ್ಷ ದಾಟಿ, ನನಗಿಂತ ಮುಂಚಿನವರ ವರ್ಷಗಳನ್ನು ದಾಟಿ. ಅಲ್ಲಿ ಯಾರೂ ಬರೆದದ್ದಿಲ್ಲ, ಎಲ್ಲ ಅದೇ ತಂದಿಟ್ಟದ್ದು. ಒಬ್ಬ ಹೆಂಗಸು ತನ್ನ ಕೈಯಿಂದ ‘ನೋಡಿದೆ, ಸರಿಯಿದೆ’ ಎಂದು ಬರೆದ ಕೊನೆಯ ವಾರ ಸಿಗುವವರೆಗೆ ಅದು ನಿಲ್ಲುವುದಿಲ್ಲ. ಆ ವಾರ ನಿನ್ನದು. ನಿನ್ನ ವರದಿಯ ತಳದ ಖಾನೆ ತೆರೆದರೆ ನನ್ನ ಅಕ್ಷರ ಕಾಣುತ್ತದೆ.

ತುಂಬುಗೈಯನ್ನು ಮೊದಲು ಮಾಡುವವಳು ನೀನೇ, ಅದು ನಿನಗೆ ಯಾಕೆ ಬೇಕಾಗುತ್ತದೆಂದು ನನಗೆ ಗೊತ್ತು. ಸೋಮವಾರ ಬೆಳಿಗ್ಗೆ ನಲವತ್ತು ಜನರಿಗೆ ಫೋನ್ ಮಾಡುತ್ತೀಯೆ. ಒಬ್ಬ ಎತ್ತುವುದಿಲ್ಲ, ಒಬ್ಬ ರೇಗುತ್ತಾನೆ, ಹನ್ನೊಂದಕ್ಕೆ ಮೇಲಿನವರು ‘ಇಲ್ಲಿ ಯಾಕೆ ಖಾಲಿ’ ಎಂದು ಕೇಳುತ್ತಾರೆ. ಖಾಲಿ ಇದ್ದಲ್ಲಿ ಹಿಂದಿನ ವಾರದ್ದು ತಾನಾಗಿ ಬಂದು ಕೂರುವ ಹಾಗೆ ಮಾಡಲು ನಿನಗೆ ಬರುತ್ತದೆ, ನೀನು ಜಾಣೆ. ಎಲ್ಲರೂ ಹೊಗಳುತ್ತಾರೆ. ಮಾಡಬೇಡ. ಖಾಲಿ ಇದ್ದದ್ದು ಖಾಲಿಯೇ ಇರಲಿ. ಯಾಕೆಂದು ಕೇಳಿದರೆ ‘ಗೊತ್ತಿಲ್ಲ, ಕೇಳುತ್ತಿದ್ದೇನೆ’ ಎನ್ನು. ಬೈದರೆ ಬೈಸಿಕೋ, ಮೈಗೆ ಅಂಟುವುದಿಲ್ಲ. ನೀನು ಹಾಗೆ ಮಾಡಿದರೆ ಇಲ್ಲಿ ಏನಾಗುತ್ತದೆ ನಾನರಿಯೆ. ಈ ಗೋಡೆ ಇರದೆ ಹೋಗಬಹುದು, ನಾನೂ ಇರದೆ ಹೋಗಬಹುದು. ಸುಗಲಾ ಉಸಿರಾಡಿದರೆ ಸಾಕು.

ಇಷ್ಟು ಬರೆಯುವಷ್ಟರಲ್ಲಿ ತುಂಬುಗೈ ನಿನ್ನ ಹಾಳೆಯನ್ನು ಮುಟ್ಟಿತು, ಅದರ ಸಾಲುಗಳು ನನ್ನ ಹಲಗೆಯಲ್ಲೂ ಒಂದು ಗಳಿಗೆ ಮಿನುಗಿದವು. ಬೆರಳಿಟ್ಟು ಓದಿದೆ. ಹದಿನಾಲ್ಕನೆಯ ಸಾಲಿನವನು ಈ ವಾರ ಫೋನ್ ಎತ್ತಿಲ್ಲ. ನೀನು ಕಳೆದ ವಾರದ ಮಾತನ್ನೇ ಎಳೆದು ತಂದು, ಹಸಿರು ಹಚ್ಚಿ, ತಳದಲ್ಲಿ ಸರಿಯಿದೆ ಎಂದು ಬರೆದಿದ್ದೀಯೆ. ಏಳು ಮಗಳೇ, ಈಗಲೇ ಅವನಿಗೆ ಇನ್ನೊಮ್ಮೆ ಫೋನ್ ಹಚ್ಚು. ಎತ್ತದಿದ್ದರೆ ಚಪ್ಪಲಿ ಮೆಟ್ಟಿಕೊಂಡು ಹೋಗಿ ನೋಡು.

— ಫಕೀರವ್ವ